ಹಾರುವವನ ಕಥೆ, ನಡೆಯುವವರ ಪ್ರಶ್ನೆ

1

ಈ ಸಿನಿಮಾವನ್ನು ನಾನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಒಬ್ಬನೇ ಕೂತು ನೋಡಿದೆ, ಮೆಚ್ಚಿದೆ. ಎರಡನೇ ಸಲ ಒಂದು ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ, ಗೋಡೆಗೆ ಬಿಳಿ ಪಂಚೆ ಕಟ್ಟಿ, ಮೂವತ್ತು ನಲವತ್ತು ಹುಡುಗರ ಜೊತೆ ನೋಡಿದೆ. ಮುಗಿದ ಮೇಲೆ ಚರ್ಚೆ ಅಂತ ಇಟ್ಟುಕೊಂಡಿದ್ದೆವು. ನಾನು ನಿರಾಶ್ರಿತರು, ಯುರೋಪು, ಬಿಳಿಯರ ಯಜಮಾನಿಕೆ ಅಂತ ನನಗೆ ಗೊತ್ತಿದ್ದ ಮಾತುಗಳನ್ನೆಲ್ಲ ಆಡಿದೆ. ಹಿಂದೆ ತಟ್ಟೆ ತೊಳೆಯುವ ತೊಟ್ಟಿಯ ಪಕ್ಕ ನಿಂತಿದ್ದ ಒಬ್ಬ ಹುಡುಗ ಕೇಳಿದ: "ಸಾರ್, ಅವ್ನು ಹಾರ್ದೆ ಇದ್ದಿದ್ರೆ ಆ ಡಾಕ್ಟ್ರು ಅವನ್ನ ತಿರುಗಿ ನೋಡ್ತಿದ್ನಾ?"

ನಾನು ಏನೋ ಒಂದು ಹೇಳಿ ತೇಲಿಸಿಬಿಟ್ಟೆ. ಬಸ್ಸಿನಲ್ಲಿ ಬರುವಾಗ ಅನ್ನಿಸ್ತು, ಒಂದು ಗಂಟೆ ನಾನು ಮಾತಾಡಿದ್ದು ವಿಮರ್ಶೆಯಲ್ಲ, ಆ ಹುಡುಗ ಕೇಳಿದ್ದೇ ವಿಮರ್ಶೆ ಅಂತ. ಅವತ್ತು ಕೊಡದೆ ಬಂದ ಉತ್ತರವನ್ನು ಇಲ್ಲಿ ಬರೆಯುವ ಪ್ರಯತ್ನ ಮಾಡುತ್ತಿದ್ದೇನೆ.

ಸಿನಿಮಾದ ಹೆಸರು 'ಜುಪಿಟರ್ಸ್ ಮೂನ್', ಅಂದರೆ ಗುರುಗ್ರಹದ ಚಂದ್ರ. ಹಂಗೇರಿಯ ನಿರ್ದೇಶಕ ಕೊರ್ನೆಲ್ ಮುಂಡ್ರುಟ್ಸೊ ಮಾಡಿದ್ದು, ಕಥೆ ಚಿತ್ರಕಥೆಯಲ್ಲಿ ಕಾಟಾ ವೇಬರ್ ಜೊತೆಗಿದ್ದಾರೆ. 2017ರ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗದಲ್ಲಿ ಮೊದಲು ತೋರಿಸಿದರು. ಗುರುಗ್ರಹಕ್ಕೆ ಅನೇಕ ಚಂದ್ರರು. ಗೆಲಿಲಿಯೋ ಕಂಡುಹಿಡಿದ ನಾಲ್ಕರಲ್ಲಿ ಒಂದರ ಮೇಲ್ಮೈ ಬರೀ ಮಂಜುಗಡ್ಡೆ, ಅದರ ಕೆಳಗೆ ಉಪ್ಪುನೀರಿನ ಸಮುದ್ರವಿದೆ, ಅಲ್ಲಿ ಜೀವ ಹುಟ್ಟುವ ಸಾಧ್ಯತೆ ಇದೆ ಎನ್ನುತ್ತಾರೆ. ಆ ಚಂದ್ರನ ಹೆಸರು ಯುರೋಪಾ. ಸಿನಿಮಾ ಶುರುವಾಗುವುದೇ ಈ ಮಾತಿನಿಂದ. ಅಂದರೆ ಇದು ಬೇರೆ ಗ್ರಹದ ಕಥೆಯಲ್ಲ, ಯುರೋಪಿನ ಕಥೆ. ಮೇಲೆ ಹೆಪ್ಪುಗಟ್ಟಿರುವ ಆ ಖಂಡದ ಕೆಳಗೆ ಹೊಸ ಜೀವ ಉಂಟೋ ಇಲ್ಲವೋ ಎಂಬುದು ನಿರ್ದೇಶಕನ ಪ್ರಶ್ನೆ.

ಕಥೆ ಇಷ್ಟು. ಸಿರಿಯಾದ ಹೋಮ್ಸ್ ಊರಿನ ಆರ್ಯನ್ ಎಂಬ ಯುವಕ ಅಪ್ಪನ ಜೊತೆ ಹಂಗೇರಿಯ ಗಡಿ ದಾಟುತ್ತಿದ್ದಾನೆ. ರಾತ್ರಿ, ನದಿ, ದೋಣಿ, ಗುಂಡಿನ ಸದ್ದು. ದೋಣಿ ಮಗುಚುತ್ತದೆ, ಅಪ್ಪ ತಪ್ಪಿಹೋಗುತ್ತಾನೆ. ಕಾಡಿನಲ್ಲಿ ಓಡುತ್ತಿರುವ ಹುಡುಗನಿಗೆ ಲಾಸ್ಲೊ ಎಂಬ ಪೊಲೀಸ್ ಅಧಿಕಾರಿ ಎದುರಿನಿಂದಲೇ ಗುಂಡು ಹೊಡೆಯುತ್ತಾನೆ. ಹುಡುಗ ಬೀಳುತ್ತಾನೆ. ಆಮೇಲೆ ಅವನ ರಕ್ತದ ಹನಿಗಳು ಮೇಲಕ್ಕೇಳುತ್ತವೆ, ಹಿಂದೆಯೇ ಅವನೂ ಏಳುತ್ತಾನೆ. ಅವನಿಗೆ ಗಾಳಿಯಲ್ಲಿ ತೇಲುವ ಶಕ್ತಿ ಬಂದಿದೆ. ನಿರಾಶ್ರಿತರ ಶಿಬಿರದಲ್ಲಿ ಗಾಬೊರ್ ಸ್ಟರ್ನ್ ಎಂಬ ಡಾಕ್ಟರನ ಕಣ್ಣಿಗೆ ಬೀಳುತ್ತಾನೆ. ಈ ಡಾಕ್ಟರು ಕುಡಿದು ಆಪರೇಷನ್ ಮಾಡಿ ಒಂದು ಜೀವ ಕಳೆದವನು. ಸತ್ತವನ ಮನೆಯವರ ಬಾಯಿ ಮುಚ್ಚಿಸಲು ದುಡ್ಡು ಬೇಕಾಗಿ ಶಿಬಿರದ ಜನರಿಂದ ಲಂಚ ತಿಂದು ಹೊರಗೆ ಬಿಡುತ್ತಿರುವವನು. ಆರ್ಯನನ್ನು ಕದ್ದು ಬುಡಾಪೆಸ್ಟಿಗೆ ಕರೆದೊಯ್ದು, ಸಾವಿನ ಹತ್ತಿರವಿರುವ ಹಣವಂತ ರೋಗಿಗಳ ಮುಂದೆ ಹಾರಿಸಿ ಕಾಸು ಮಾಡುತ್ತಾನೆ. ಬರಬರುತ್ತಾ ಡಾಕ್ಟರನ ಕಲ್ಲೆದೆ ಕರಗುತ್ತದೆ, ನಂಬಿಕೆ ಹುಟ್ಟುತ್ತದೆ, ಕೊನೆಗೆ ಈ ಹುಡುಗನಿಗಾಗಿ ಪ್ರಾಣ ಕೊಡುತ್ತಾನೆ. ಆರ್ಯನ್ ಹೋಟೆಲಿನ ಕಿಟಕಿಯಿಂದ ಹಾರಿ ನಗರದ ಮೇಲೆ ತೇಲುತ್ತಾನೆ. ಬೀದಿಯ ಜನ ನಿಂತು ತಲೆಯೆತ್ತಿ ನೋಡುತ್ತಾರೆ.

ಸಿನಿಮಾದ ಶಕ್ತಿಯನ್ನು ನಾನು ಕಡೆಗಣಿಸುವುದಿಲ್ಲ. ಗಡಿ ದಾಟುವ ಮೊದಲ ಹತ್ತು ನಿಮಿಷಗಳನ್ನು ಮಾರ್ಸೆಲ್ ರೇವ್ ಎಂಬ ಛಾಯಾಗ್ರಾಹಕ ಓಡುವವನ ಹೆಗಲಿಗೆ ಕಟ್ಟಿದಂತೆ ಹಿಡಿದಿದ್ದಾನೆ. ಉಸಿರು, ನೀರು, ಕತ್ತಲೆ ನಮಗೇ ಆಗುತ್ತವೆ. ಟಿವಿಯಲ್ಲಿ ನಿರಾಶ್ರಿತರು ಯಾವಾಗಲೂ ದೂರದಿಂದ, ಸಾಲಾಗಿ, ಗುಂಪಾಗಿ ಕಾಣುತ್ತಾರೆ. ಇಲ್ಲಿ ಒಬ್ಬನಾಗಿ ಕಾಣುತ್ತಾನೆ. ಇದು ಸಣ್ಣ ಸಾಧನೆಯೇನಲ್ಲ. ನನ್ನ ತಕರಾರು ಶುರುವಾಗುವುದು ಅವನ ಕಾಲು ನೆಲ ಬಿಟ್ಟ ಮೇಲೆ.

2

ಮೊದಲು ಅಲ್ಲಿನ ನೆಲದಲ್ಲಿ ಏನಾಗುತ್ತಿತ್ತು ಅಂತ ನೋಡೋಣ.

2015ರಲ್ಲಿ ಸುಮಾರು 1,77,000 ಜನ ಹಂಗೇರಿಯಲ್ಲಿ ಆಶ್ರಯ ಕೋರಿ ಅರ್ಜಿ ಹಾಕಿದ್ದರು. ಬಹುಪಾಲು ಜನ ಸಿರಿಯಾ, ಅಫ್ಘಾನಿಸ್ತಾನದಂಥ ಯುದ್ಧದ ನೆಲದಿಂದ ಬಂದವರು. ಅದೇ ವರ್ಷ ಸೆಪ್ಟೆಂಬರ್ 15ರ ಹೊತ್ತಿಗೆ ಸರ್ಬಿಯಾ ಗಡಿಯುದ್ದಕ್ಕೂ 175 ಕಿಲೋಮೀಟರ್ ಮುಳ್ಳುತಂತಿ ಬೇಲಿ ಎದ್ದಿತು. ಆಗಸ್ಟ್ ತಿಂಗಳಲ್ಲಿ ಹಂಗೇರಿಯಿಂದ ಹೊರಟ ಒಂದು ಲಾರಿ ಆಸ್ಟ್ರಿಯಾದ ಹೆದ್ದಾರಿಯಲ್ಲಿ ಸಿಕ್ಕಿತು, ಒಳಗೆ ಉಸಿರುಗಟ್ಟಿ ಸತ್ತ 71 ಹೆಣಗಳಿದ್ದವು. 2016ರ ಅಕ್ಟೋಬರ್ 2ರಂದು ಸರ್ಕಾರ ಜನಮತಗಣನೆ ನಡೆಸಿ, ಯುರೋಪಿನ ಹಂಚಿಕೆಯ ನಿರಾಶ್ರಿತರನ್ನು ನಾವು ಸೇರಿಸಿಕೊಳ್ಳಬೇಕೇ ಎಂದು ಕೇಳಿತು. ಸಿಂಧುವಾದ ಮತಗಳಲ್ಲಿ ನೂರಕ್ಕೆ 98ಕ್ಕಿಂತ ಹೆಚ್ಚು 'ಬೇಡ' ಅಂದವು. ಅರ್ಧದಷ್ಟು ಜನರೂ ಮತ ಹಾಕದ್ದರಿಂದ ಅದಕ್ಕೆ ಕಾನೂನಿನ ಬಲ ಬರಲಿಲ್ಲ. 2017ರ ಮಾರ್ಚಿನಲ್ಲಿ, ಅಂದರೆ ಈ ಸಿನಿಮಾ ತೆರೆ ಕಾಣುವ ಎರಡು ತಿಂಗಳ ಮುಂಚೆ, ಆಶ್ರಯ ಕೋರುವವರನ್ನು ಗಡಿಯ ಕಂಟೇನರ್ ಡಬ್ಬಗಳಲ್ಲಿ ಕೂಡಿಹಾಕುವ ಕಾನೂನು ಬಂತು. ಆ ಡಬ್ಬದ ಶಿಬಿರಗಳನ್ನು ಮುಚ್ಚಿಸಲು 2020ರ ಮೇ ತಿಂಗಳಲ್ಲಿ ಯುರೋಪಿನ ನ್ಯಾಯಾಲಯ ತೀರ್ಪು ಕೊಡಬೇಕಾಯಿತು.

ಇವುಗಳ ನಡುವೆ ಒಂದು ದೃಶ್ಯ ನನ್ನನ್ನು ಬಿಡುವುದಿಲ್ಲ. 2015ರ ಸೆಪ್ಟೆಂಬರ್ 8. ರೋಸ್ಕೆ ಎಂಬ ಗಡಿಗ್ರಾಮದ ಹೊಲ. ಪೊಲೀಸರಿಂದ ತಪ್ಪಿಸಿಕೊಂಡು ಜನ ಓಡುತ್ತಿದ್ದಾರೆ. ಮಗುವನ್ನು ಎತ್ತಿಕೊಂಡು ಓಡುತ್ತಿದ್ದ ಒಬ್ಬ ತಂದೆಗೆ ಅಲ್ಲೇ ಚಿತ್ರೀಕರಣ ಮಾಡುತ್ತಿದ್ದ ಹಂಗೇರಿಯ ಕ್ಯಾಮೆರಾಮಹಿಳೆಯೊಬ್ಬಳು ಕಾಲು ಕೊಡುತ್ತಾಳೆ. ಅಪ್ಪ ಮಗು ಇಬ್ಬರೂ ನೆಲಕ್ಕೆ ಬೀಳುತ್ತಾರೆ. ಅವಳ ಕೈಯಲ್ಲಿ ಕ್ಯಾಮೆರಾ ಹಾಗೇ ಓಡುತ್ತಿದೆ. ಇದನ್ನು ಇನ್ನೊಂದು ಕ್ಯಾಮೆರಾ ಹಿಡಿಯಿತು, ಲೋಕವೆಲ್ಲ ನೋಡಿತು.

ಎರಡು ವರ್ಷದ ನಂತರ ಅದೇ ದೇಶದ ಇನ್ನೊಂದು ಕ್ಯಾಮೆರಾ ಇನ್ನೊಬ್ಬ ನಿರಾಶ್ರಿತನನ್ನು ಆಕಾಶಕ್ಕೆ ಎತ್ತುತ್ತದೆ. ನಿರ್ದೇಶಕ ಪ್ರಾಮಾಣಿಕ, ಆ ಸರ್ಕಾರದ ಪರ ನಿಂತವನಲ್ಲ. ತನ್ನ ನಾಡಿನ ಜನ ಬೀಳಿಸಿದವನನ್ನು ತಾನು ಎತ್ತಬೇಕು ಅನ್ನುವ ಸಂಕಟ ಅವನದು. ಆದರೆ ಬೀಳಿಸಿದವನನ್ನು ಎಲ್ಲಿಗೆ ಎತ್ತಬೇಕು? ಕೈ ಹಿಡಿದು ನೆಲದ ಮೇಲೆ ನಿಲ್ಲಿಸಬೇಕೋ, ಮೋಡದಲ್ಲಿ ತೂಗುಹಾಕಬೇಕೋ? ನೆಲದ ಮೇಲೆ ನಿಂತವನು ಮನೆ ಕೇಳುತ್ತಾನೆ, ಕೆಲಸ ಕೇಳುತ್ತಾನೆ, ಪಕ್ಕದ ಬೀದಿಯಲ್ಲಿ ಅಂಗಡಿ ಇಡುತ್ತಾನೆ, ನಿಮ್ಮ ಮಕ್ಕಳ ಪಕ್ಕ ತನ್ನ ಮಕ್ಕಳನ್ನು ಕೂರಿಸುತ್ತಾನೆ. ಮೋಡದಲ್ಲಿರುವವನು ಏನೂ ಕೇಳುವುದಿಲ್ಲ. ಅವನನ್ನು ನೋಡಿದರೆ ಸಾಕು, ನೋಡಿದವರ ಪಾಪ ಕಳೆಯುತ್ತದೆ.

3

ಈಗ ಹುಡುಗನ ಪ್ರಶ್ನೆಗೆ ಬರೋಣ. ಶಿಬಿರದಲ್ಲಿ ಸ್ಟರ್ನ್ ದಿನಕ್ಕೆ ಎಷ್ಟೋ ಮೈಗಳನ್ನು ಮುಟ್ಟುತ್ತಾನೆ. ಅವರೆಲ್ಲ ಅವನಿಗೆ ಲಂಚದ ಮೂಲ. ಆರ್ಯನ್ ಮೇಲಕ್ಕೆ ಎದ್ದ ಕ್ಷಣ ಅವನು 'ವಿಶೇಷ' ಆಗುತ್ತಾನೆ. ಮೊದಲು ದುಡ್ಡಿನ ವಿಶೇಷ, ಆಮೇಲೆ ದೈವದ ವಿಶೇಷ. ಇವೆರಡರ ನಡುವೆ ಬರೀ ಮನುಷ್ಯ ಎಂಬ ಒಂದು ಘಟ್ಟ ಇರಬೇಕಿತ್ತಲ್ಲ, ಅದು ಬರುವುದೇ ಇಲ್ಲ.

ಆರ್ಯನ್ ಬಾಯಲ್ಲಿ ಮೊದಲಿಂದ ಇರುವುದು ಒಂದೇ ಪ್ರಶ್ನೆ: ನನ್ನಪ್ಪ ಎಲ್ಲಿ? ಸಿನಿಮಾಕ್ಕೆ ಇರುವುದು ಬೇರೆಯೇ ಪ್ರಶ್ನೆ: ಯುರೋಪು ಮತ್ತೆ ದೇವರನ್ನು ನಂಬಬಲ್ಲುದೇ? ಜನ ತಲೆಯೆತ್ತಿ ನೋಡುವುದನ್ನೇ ಮರೆತಿದ್ದಾರೆ ಎಂಬ ಕೊರಗು ಸಿನಿಮಾದ ಉದ್ದಕ್ಕೂ ಇದೆ. ಈ ಎರಡನೇ ಪ್ರಶ್ನೆ ಬೆಳೆದ ಹಾಗೆಲ್ಲ ಮೊದಲನೆಯದು ಕುಗ್ಗುತ್ತದೆ. ಅಪ್ಪನನ್ನು ಹುಡುಕುವ ಮಗನ ಕಥೆ, ನಂಬಿಕೆಯನ್ನು ಹುಡುಕುವ ಡಾಕ್ಟರನ ಕಥೆಗೆ ಹಿನ್ನೆಲೆ ಸಂಗೀತವಾಗುತ್ತದೆ. ಬದಲಾಗುವವನು ಡಾಕ್ಟರು. ಒಳತೋಟಿ ಇರುವುದು ಡಾಕ್ಟರಿಗೆ. ಪಾಪ, ಪಶ್ಚಾತ್ತಾಪ, ಬಿಡುಗಡೆ ಎಲ್ಲ ಅವನ ಪಾಲು. ಆರ್ಯನ್ನಿಗೆ ಉಳಿದಿರುವುದು ಮೈ ಮಾತ್ರ, ಗುಂಡು ತಿನ್ನುವುದಕ್ಕೆ ಒಂದು, ತೇಲುವುದಕ್ಕೆ ಒಂದು. ಆ ಪಾತ್ರವನ್ನು ಮಾಡಿರುವ ಜೋಂಬೊರ್ ಯೇಗರ್ ಕೂಡ ಹಂಗೇರಿಯವನೇ. ಸಿರಿಯಾದವನ ನೋವಿಗೆ ಸಿರಿಯಾದವನ ಮುಖವೂ ಬೇಕಾಗಲಿಲ್ಲ.

ಕನ್ನಡದ ಓದುಗರಿಗೆ ಇದು ಹೊಸದಾಗಿ ಕಾಣಬಾರದು. 'ಸಂಸ್ಕಾರ'ದಲ್ಲಿ ಚಂದ್ರಿಯ ಮೈ ತಾಗಿ ಪ್ರಾಣೇಶಾಚಾರ್ಯರಿಗೆ ಅರಿವು ಹುಟ್ಟುತ್ತದೆ. ಅವರ ಅರಿವು ಎಷ್ಟೋ ಪುಟ ಬೆಳೆಯುತ್ತದೆ, ಚಂದ್ರಿ ಹೊರಟುಹೋಗುತ್ತಾಳೆ. ಆ ಕಾದಂಬರಿ ದೊಡ್ಡದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಕೆಳಗಿನವರ ದೇಹ ಮೇಲಿನವರ ಆತ್ಮಕ್ಕೆ ಔಷಧಿಯಾಗುವ ಈ ಕಥನ ಮಾದರಿ ಎಷ್ಟು ಹಳೆಯದು, ಎಷ್ಟು ದೂರ ಹರಡಿದೆ ಅನ್ನುವುದನ್ನು ಬುಡಾಪೆಸ್ಟಿನ ಈ ಸಿನಿಮಾ ನೋಡಿದಾಗ ಇನ್ನಷ್ಟು ಸ್ಪಷ್ಟವಾಯಿತು. ಸ್ಟರ್ನ್ ನಾಸ್ತಿಕ, ಕುಡುಕ, ಭ್ರಷ್ಟ, ಪ್ರಾಣೇಶಾಚಾರ್ಯರು ವೇದಾಂತಿ. ಇಬ್ಬರ ವೇಷ ಬೇರೆ, ಇಬ್ಬರಿಗೂ ಬೇಕಾದದ್ದು ಒಂದೇ.

ಇದಕ್ಕೆ ಎದುರಾಗಿ 'ಒಡಲಾಳ'ದ ಸಾಕವ್ವನನ್ನು ಇಟ್ಟು ನೋಡಿ. ಅವಳು ಹುಡುಕುವುದು ಕಳೆದುಹೋದ ಒಂದು ಹುಂಜವನ್ನು. ಇಡೀ ಕಥೆ ಆ ಹುಂಜದ ಹಿಂದೆ ಅವಳ ಕಾಲಿನ ಜೊತೆಗೇ ನಡೆಯುತ್ತದೆ. ಯಾವ ಸುಶಿಕ್ಷಿತನ ಆತ್ಮಶೋಧನೆಗೂ ಆ ಹುಂಜವನ್ನು ದೇವನೂರರು ಬಲಿ ಕೊಡುವುದಿಲ್ಲ. ಪೊಲೀಸರು ಅಲ್ಲೂ ಬರುತ್ತಾರೆ, ಅಲ್ಲೂ ಜಪ್ತಿಯಾಗುತ್ತದೆ. ಆದರೆ ಯಾರೂ ಹಾರುವುದಿಲ್ಲ. ಹಾರದೆಯೂ ಆ ಮನೆಯವರು ನಮಗೆ ಪೂರ್ತಿ ಕಾಣುತ್ತಾರೆ.

4

ಹೆಸರಿನ ವಿಷಯಕ್ಕೆ ಬರುತ್ತೇನೆ. ಆರ್ಯನ್ ಅನ್ನುವುದು ಕುರ್ದಿ, ಪಾರಸಿ ಜನ ಇಟ್ಟುಕೊಳ್ಳುವ ಹೆಸರು, ಅದರಲ್ಲಿ ತಪ್ಪೇನಿಲ್ಲ. ಆದರೆ ಹಂಗೇರಿಯ ನೆಲದ ಮೇಲೆ ಆ ಹೆಸರು ಸುಮ್ಮನೆ ನಿಲ್ಲುವುದಿಲ್ಲ. 1944ರ ಮೇ ಮಧ್ಯದಿಂದ ಜುಲೈ ಮೊದಲ ವಾರದೊಳಗೆ, ಎಂಟೇ ವಾರಗಳಲ್ಲಿ, ಸುಮಾರು 4,37,000 ಯಹೂದಿಗಳನ್ನು ಹಂಗೇರಿಯಿಂದ ರೈಲಿನಲ್ಲಿ ತುಂಬಿ ಕಳಿಸಿದರು, ಹೆಚ್ಚಿನವರನ್ನು ಆಷ್‌ವಿಟ್ಜಿಗೆ. ಕೊಂದವರು ತಮ್ಮನ್ನು ಆರ್ಯರು ಅಂತ ಕರೆದುಕೊಂಡರು. ರೋಮಾ ಜನರನ್ನೂ ಕೊಂದರು, ಅವರ ರೋಮಾನಿ ಭಾಷೆ ಭಾರತೀಯ ಆರ್ಯ ಭಾಷಾ ಕುಟುಂಬಕ್ಕೆ ಸೇರಿದ್ದಾದರೂ! ಈಗ ಬೇಲಿಯ ಹೊರಗೆ ನಿಂತವನ ಹೆಸರೇ ಆರ್ಯನ್. ನಿರ್ದೇಶಕ ಈ ವ್ಯಂಗ್ಯವನ್ನು ಬೇಕೆಂದೇ ಇಟ್ಟಿದ್ದಾನೆ ಅಂತ ನನಗನ್ನಿಸುತ್ತದೆ.

ನಮ್ಮ ಕಿವಿಗೆ ಇನ್ನೊಂದು ವ್ಯಂಗ್ಯ ಕೇಳುತ್ತದೆ, ಅದು ಅವನಿಗೆ ಗೊತ್ತಿರಲು ಸಾಧ್ಯವಿಲ್ಲ. ನಮ್ಮ ಕಡೆ 'ಹಾರುವ' ಅಂದರೆ ಬ್ರಾಹ್ಮಣ. ಹಾರುವರ ಬೀದಿ, ಹಾರುವರ ಮನೆ ಅನ್ನುತ್ತೇವೆ. ಹಾರುವ ಆರ್ಯನ್ ಅಂದಾಗ ಹಾಸ್ಟೆಲ್ಲಿನ ಹುಡುಗರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಆದರೆ ಆ ನಗೆಯೊಳಗೆ ಒಂದು ಹಳೆಯ ಕಥೆ ಕೂತಿದೆ, ನಂದನಾರನದು.

ನಂದನಾರ ತಮಿಳುನಾಡಿನ ಪುಲೈಯ ಜಾತಿಯ ಜೀತಗಾರ, ಶಿವಭಕ್ತ. ತಿರುಪ್ಪುಂಕೂರಿನಲ್ಲಿ ಗುಡಿಯ ಹೊರಗೇ ನಿಂತ ಅವನಿಗೆ ನಂದಿ ಅಡ್ಡವಾಗಿದ್ದಾಗ ಶಿವ ನಂದಿಯನ್ನು ಪಕ್ಕಕ್ಕೆ ಸರಿಸಿ ದರ್ಶನ ಕೊಟ್ಟನಂತೆ. ನಂದಿ ಸರಿಯಿತು, ನಂದನಾರ ಹೊರಗೇ ಇದ್ದ. ಚಿದಂಬರಕ್ಕೆ ಬಂದಾಗ ಒಳಗೆ ಹೋಗುವುದಕ್ಕೆ ಮುಂಚೆ ಬೆಂಕಿ ಹೊಗಬೇಕಾಯಿತು. ಬೆಂಕಿಯಿಂದ ಎದ್ದುಬಂದವನು ಜನಿವಾರ ಹಾಕಿದ ಹಾರುವನಾಗಿದ್ದ, ಆಗ ಒಳಗೆ ಬಿಟ್ಟರು. ಉಡುಪಿಯಲ್ಲಿ ಕನಕದಾಸರಿಗೆ ಗೋಡೆ ಬಿರಿದು ದೇವರು ತಿರುಗಿದ ಅನ್ನುತ್ತಾರೆ. ಅಲ್ಲೂ ಕಲ್ಲಿನ ವಿಗ್ರಹ ತಿರುಗುವುದು ಸುಲಭವಾಯಿತು, ಬಾಗಿಲಲ್ಲಿ ನಿಂತ ಮನುಷ್ಯರು ಅಡ್ಡ ಸರಿಯುವುದು ಕಷ್ಟವಾಯಿತು. ಈ ಕಥೆಗಳಲ್ಲಿ ಪವಾಡ ನಡೆಯುವುದು ಯಾರ ಅನುಕೂಲಕ್ಕೆ? ಪವಾಡ ನಡೆದರೆ ಪದ್ಧತಿ ಬದಲಾಗಬೇಕಿಲ್ಲ. ಒಬ್ಬನನ್ನು ಒಳಗೆ ಬಿಟ್ಟು, ಉಳಿದವರಿಗೆ 'ನೀವೂ ಬೆಂಕಿ ಹಾಯ್ದು ಬನ್ನಿ' ಎಂದರೆ ಆಯಿತು.

ಗುಂಡು ತಿಂದು ಎದ್ದ ಆರ್ಯನ್ ನಂದನಾರನ ತಮ್ಮನೇ. ಒಬ್ಬನಿಗೆ ಬೆಂಕಿ, ಒಬ್ಬನಿಗೆ ಗುಂಡು. ಸತ್ತು ಹುಟ್ಟಿದ ಮೇಲೆ ಮಾತ್ರ ಗಮನಕ್ಕೆ ಅರ್ಹರು.

ಇದೇ ನಿರ್ದೇಶಕ 2014ರಲ್ಲಿ 'ವೈಟ್ ಗಾಡ್' ಎಂಬ ಸಿನಿಮಾ ಮಾಡಿದ್ದ. ಅದರಲ್ಲಿ ಬೆರಕೆ ತಳಿಯ ನಾಯಿಗಳಿಗೆ ತೆರಿಗೆ, ಶುದ್ಧ ತಳಿಯವಕ್ಕೆ ಮರ್ಯಾದೆ. ಬೀದಿಗೆ ಬಿದ್ದ ಬೆರಕೆ ನಾಯಿಗಳು ಒಂದಾಗಿ ನಗರದ ಮೇಲೆ ದಂಗೆ ಏಳುತ್ತವೆ. ಜಾತಿಯ ಬಗ್ಗೆ ಇಷ್ಟು ಚುರುಕಾದ ರೂಪಕ ನಮ್ಮ ಸಿನಿಮಾಗಳಲ್ಲೂ ಅಪರೂಪ. ಆದರೂ ಎರಡೂ ಸಿನಿಮಾ ಜೊತೆಗಿಟ್ಟು ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಈ ನಿರ್ದೇಶಕನಿಗೆ ತುಳಿತಕ್ಕೊಳಗಾದವನು ಒಂದು ಸಿನಿಮಾದಲ್ಲಿ ನಾಯಿ, ಇನ್ನೊಂದರಲ್ಲಿ ದೇವದೂತ. ಕೆಳಗಿದ್ದರೆ ಪ್ರಾಣಿ, ಮೇಲಿದ್ದರೆ ದೇವರು. ನಡುವೆ ಎರಡು ಕಾಲಿನ ಮೇಲೆ ನಿಂತ ಮನುಷ್ಯನಿಗೆ ಜಾಗವಿಲ್ಲ. 1927ರ ಮಾರ್ಚ್ 20ರಂದು ಮಹಾಡಿನಲ್ಲಿ ಬಾಬಾಸಾಹೇಬರು ಚವದಾರ್ ಕೆರೆಗೆ ನಡೆದುಹೋಗಿ ನೀರು ಮುಟ್ಟಿದ್ದು ಆ ನಡುವಿನ ಜಾಗಕ್ಕಾಗಿ. ದನ ನಾಯಿ ಕುಡಿಯಬಹುದಾಗಿದ್ದ ಕೆರೆ ಅದು. ಅವತ್ತು ಅಲ್ಲಿ ನೀರು ಇಬ್ಭಾಗವಾಗಲಿಲ್ಲ, ಆಕಾಶದಿಂದ ಹೂಮಳೆ ಸುರಿಯಲಿಲ್ಲ. ಜನ ನಡೆದರು, ಬಗ್ಗಿದರು, ಬೊಗಸೆಯಲ್ಲಿ ನೀರು ಕುಡಿದರು. ಆಮೇಲೆ ಏಟು ತಿಂದರು.

5

ಪವಾಡ ಬೇಡ ಅಂದರೆ ಇವನೂ ಒಬ್ಬ ಒಣ ವಿಚಾರವಾದಿ ಅಂತ ಕೆಲವು ಗೆಳೆಯರು ಅನ್ನಬಹುದು. ಅದು ನನ್ನ ಮಾತಲ್ಲ. ನಮ್ಮ ಅಜ್ಜಿಯರು ಹಾಡಿದ ಮಂಟೇಸ್ವಾಮಿ ಕಥೆ ತುಂಬ ಪವಾಡಗಳೇ ಇವೆ. ಆದರೆ ಅಲ್ಲಿ ಪವಾಡದ ಕೀಲಿ ಯಾರ ಕೈಯಲ್ಲಿದೆ ನೋಡಿ. ಮಂಟೇಸ್ವಾಮಿ ಗಬ್ಬು ನಾರುವ ರೂಪದಲ್ಲಿ ಕಲ್ಯಾಣಕ್ಕೆ ಹೋಗುತ್ತಾನೆ. ಅಲ್ಲಿ ಪರೀಕ್ಷೆಗೆ ಒಳಗಾಗುವವನು ಅವನಲ್ಲ, ಶರಣರು. ಮೂಗು ಮುಚ್ಚಿಕೊಂಡವರು ಸೋಲುತ್ತಾರೆ. ನಂದನಾರನ ಕಥೆಯಲ್ಲಿ ಕೆಳಗಿನವನು ಮೇಲಿನವರಿಗೆ ಅರ್ಹತೆ ತೋರಿಸಬೇಕು; ಮಂಟೇಸ್ವಾಮಿಯ ಕಥೆಯಲ್ಲಿ ಮೇಲಿನವರು ಕೆಳಗಿನವನಿಗೆ ಅರ್ಹತೆ ತೋರಿಸಬೇಕು. ಇದೇ ನಾನು ಹೇಳುತ್ತಿರುವ ವ್ಯತ್ಯಾಸ. ಅತಿಮಾನುಷ ಶಕ್ತಿ ಇದೆಯೋ ಇಲ್ಲವೋ ಅನ್ನುವುದು ಎರಡನೇ ಮಾತು. ಅದನ್ನು ಯಾರು, ಯಾರ ಮುಂದೆ, ಯಾವ ದುಡ್ಡಿಗೆ, ಯಾವ ಭಯಕ್ಕೆ ತೋರಿಸುತ್ತಿದ್ದಾರೆ ಅನ್ನುವುದು ಮೊದಲನೇ ಮಾತು.

ಸಿನಿಮಾದಲ್ಲೇ ಇದರ ಒಂದು ಮಿಂಚು ಇದೆ. ಒಂದು ಮನೆಯಲ್ಲಿ ಆರ್ಯನ್ ತಾನು ತೇಲುವುದಕ್ಕೆ ಬದಲು ಇಡೀ ಕೋಣೆಯನ್ನೇ ತಿರುಗಿಸಿಬಿಡುತ್ತಾನೆ. ಮೇಜು, ಕುರ್ಚಿ, ಗೋಡೆ, ಮನೆಯವನು ಎಲ್ಲ ಬುಡಮೇಲು. ಆ ಎರಡು ನಿಮಿಷ ಪವಾಡ ಭಿಕ್ಷೆಯಾಗಿ ಉಳಿಯದೆ ಬಂಡಾಯವಾಗುತ್ತದೆ. ನೋಡುವವನು ನೋಡಿಸಿಕೊಳ್ಳುವವನಾಗುತ್ತಾನೆ. ಆದರೆ ನಿರ್ದೇಶಕ ಅದನ್ನು ಅಲ್ಲಿಗೇ ಕೈಬಿಟ್ಟು ಮತ್ತೆ ಮೋಡ, ಬೆಳಕು, ಸಂಗೀತಕ್ಕೆ ಹೋಗಿಬಿಡುತ್ತಾನೆ.

ಇಷ್ಟು ಹೇಳಿದ ಮೇಲೆ ನನ್ನದೊಂದು ಹೇಳದಿದ್ದರೆ ತಪ್ಪಾಗುತ್ತದೆ. ನಾನು ಓದಿದ ಶಾಲೆಯಲ್ಲಿ ನನಗೆ ಲೆಕ್ಕ, ಶ್ಲೋಕ ಎರಡೂ ಚೆನ್ನಾಗಿ ಬರುತ್ತಿದ್ದವು. ಯಾರೇ ದೊಡ್ಡವರು ಶಾಲೆಗೆ ಬಂದರೂ ನನ್ನನ್ನು ಮುಂದೆ ನಿಲ್ಲಿಸಿ ಹತ್ತೊಂಬತ್ತರ ಮಗ್ಗಿ ಹೇಳಿಸೋರು, ಶ್ಲೋಕ ಹೇಳಿಸೋರು. "ಕೇರಿ ಹುಡುಗ ಸಾರ್, ಹೆಂಗೆ ಹೇಳ್ತಾನೆ ನೋಡಿ" ಅನ್ನೋರು. ಬಂದವರು ಬೆರಗಾಗಿ ಚಪ್ಪಾಳೆ ತಟ್ಟೋರು. ನಾನು ಹಾರುತ್ತಿದ್ದೆ. ನನ್ನ ದೊಡ್ಡಪ್ಪನ ಮಗ ಅದೇ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿರುತ್ತಿದ್ದ. ಅವನಿಗೆ ಮಗ್ಗಿ ಬರುತ್ತಿರಲಿಲ್ಲ. ಒಂದು ದಿನ ಅವನು ಶಾಲೆಗೆ ಬರಲಿಲ್ಲ, ಆಮೇಲೆ ಬರಲೇ ಇಲ್ಲ. ಯಾಕೆ ಬರಲಿಲ್ಲ ಅಂತ ಒಬ್ಬ ಮೇಷ್ಟ್ರೂ ಕೇಳಲಿಲ್ಲ. ಒಳ್ಳೆಯದು, ನಾನೂ ಕೇಳಲಿಲ್ಲ. ಚಪ್ಪಾಳೆ ಮುಗಿದ ಮೇಲೆ ನನಗೆ ಬಾಯಾರಿದರೆ ನೀರಿನ ಮಡಕೆಯನ್ನು ಮುಟ್ಟುವಂತಿರಲಿಲ್ಲ, ಇನ್ನೊಬ್ಬ ಹುಡುಗ ಎತ್ತರದಿಂದ ಬೊಗಸೆಗೆ ಸುರಿಯುತ್ತಿದ್ದ. ಹಾರಿದವನಿಗೂ ಸಿಕ್ಕಿದ್ದು ಅಷ್ಟೇ. ಹಾಸ್ಟೆಲ್ಲಿನ ಹುಡುಗ ಪ್ರಶ್ನೆ ಕೇಳಿದಾಗ ನಾನು ತೇಲಿಸಿ ಮಾತಾಡಿದ್ದಕ್ಕೆ ಕಾರಣ ಸಿನಿಮಾ ಅರ್ಥವಾಗದ್ದಲ್ಲ. ನನ್ನ ಕಣ್ಣ ಮುಂದೆ ದೊಡ್ಡಪ್ಪನ ಮಗ ಬಂದು ನಿಂತಿದ್ದ.

ಇವತ್ತು ನಮ್ಮವರಲ್ಲೇ ಈ ಚಾಳಿ ಬೆಳೆಯುತ್ತಿದೆ. ಒಬ್ಬ ಐಎಎಸ್ ಪಾಸಾದರೆ, ಒಬ್ಬಳು ವಿದೇಶಕ್ಕೆ ಹೋದರೆ ನಾವೇ ಫ್ಲೆಕ್ಸ್ ಹಾಕುತ್ತೇವೆ. ಹಾಕೋಣ, ಸಂತೋಷವೇ. ಆದರೆ ಪಾಸಾಗದವರಿಗೆ ಮನುಷ್ಯರಾಗಿ ಬದುಕುವ ಹಕ್ಕಿಲ್ಲವೇ? ಪ್ರತಿಭೆ ಇದ್ದವನಿಗೆ ಮಾತ್ರ ಘನತೆ ಎಂದರೆ ಅದು ಮೇಲುಜಾತಿಯವರು ಮೀಸಲಾತಿಯ ವಿರುದ್ಧ ಎತ್ತುವ ವಾದವೇ ಅಲ್ಲವೇ? ಬಾಬಾಸಾಹೇಬರನ್ನೇ ನಾವು ಪವಾಡಪುರುಷನನ್ನಾಗಿ ಮಾಡಿ ಕೂರಿಸುತ್ತಿದ್ದೇವೆ. ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದವರೇ ಅವರು!

6

ಹಾರಲು ಬಾರದ ನಿರಾಶ್ರಿತರು ನಮ್ಮಲ್ಲೂ ಇದ್ದರು, ಅವರು ನಮ್ಮವರೇ. 1946ರಲ್ಲಿ ಬಾಬಾಸಾಹೇಬರನ್ನು ಸಂವಿಧಾನ ಸಭೆಗೆ ಕಳಿಸಿದ್ದು ಬಂಗಾಳ, ಅದರ ಹಿಂದೆ ಜೋಗೇಂದ್ರನಾಥ ಮಂಡಲರೂ ನಾಮಶೂದ್ರರೂ ಇದ್ದರು. ದೇಶ ಒಡೆದಾಗ ಅದೇ ನಾಮಶೂದ್ರರು ಪೂರ್ವ ಬಂಗಾಳದಲ್ಲಿ ಉಳಿದರು, ಆಮೇಲೆ ಅಲೆಅಲೆಯಾಗಿ ಈ ಕಡೆ ಬಂದರು. ಅವರಲ್ಲಿ ಬಹಳ ಜನರನ್ನು ದಂಡಕಾರಣ್ಯದ ಕಾಡಿಗೆ ಸಾಗಿಸಿದರು. ಒಂದಷ್ಟು ಕುಟುಂಬಗಳನ್ನು ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರಿನ ಬಳಿ ಕ್ಯಾಂಪುಗಳಲ್ಲಿ ಇಟ್ಟರು. 1978ರಲ್ಲಿ ದಂಡಕಾರಣ್ಯದಿಂದ ಸಾವಿರಾರು ಜನ ವಾಪಸು ಹೊರಟು ಸುಂದರಬನದ ಮರಿಚ್‌ಝಾಪಿ ದ್ವೀಪಕ್ಕೆ ಹೋಗಿ, ತಾವೇ ಗುಡಿಸಲು, ಶಾಲೆ ಕಟ್ಟಿಕೊಂಡರು. 1979ರ ಜನವರಿಯಲ್ಲಿ ಎಡರಂಗದ ಸರ್ಕಾರ ಆ ದ್ವೀಪಕ್ಕೆ ನೀರು, ಅನ್ನ ಹೋಗದಂತೆ ದಿಗ್ಬಂಧನ ಹಾಕಿತು. ಗೋಲಿಬಾರ್ ಆಯಿತು. ಮೇ ತಿಂಗಳಲ್ಲಿ ಗುಡಿಸಲು ಸುಟ್ಟು ಎಲ್ಲರನ್ನೂ ಹೊರಹಾಕಿದರು. ಎಷ್ಟು ಜನ ಸತ್ತರು ಎಂಬುದು ಇವತ್ತಿಗೂ ವಿವಾದದಲ್ಲಿದೆ.

ಆ ದ್ವೀಪದಲ್ಲಿ ಗುಂಡು ತಿಂದವರ ರಕ್ತ ಮೇಲಕ್ಕೆ ಏಳಲಿಲ್ಲ. ನೀರಿಗೆ ಹೋಯಿತು. ಆದ್ದರಿಂದಲೇ ಮರಿಚ್‌ಝಾಪಿಯ ಕಡೆ ತಲೆಯೆತ್ತಿ ನೋಡಿದವರು ಕಮ್ಮಿ.

7

ಮತ್ತೆ ಹಂಗೇರಿಗೆ ಹೋಗಿ ಮುಗಿಸುತ್ತೇನೆ. ಆ ದೇಶಕ್ಕೂ ಓಡಿಹೋದ ನೆನಪಿದೆ. 1956ರ ಅಕ್ಟೋಬರ್ 14ರಂದು ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧರಾದರು. ಒಂಬತ್ತು ದಿನದ ಮೇಲೆ, 23ರಂದು, ಬುಡಾಪೆಸ್ಟಿನಲ್ಲಿ ದಂಗೆ ಶುರುವಾಯಿತು. ಸೋವಿಯತ್ ಟ್ಯಾಂಕುಗಳು ಬಂದವು. ಸುಮಾರು ಎರಡು ಲಕ್ಷ ಹಂಗೇರಿಯನ್ನರು ಗಡಿ ದಾಟಿ ಓಡಿದರು. ಆಸ್ಟ್ರಿಯಾ ಅವರನ್ನು ಒಳಗೆ ಬಿಟ್ಟಿತು, ಬೇರೆ ದೇಶಗಳು ಹಂಚಿಕೊಂಡವು. ಅವರಲ್ಲಿ ಯಾರೂ ಹಾರಿ ತೋರಿಸಬೇಕಾಗಲಿಲ್ಲ.

ಆ ದೇಶದೊಳಗೇ ಇನ್ನೂ ಒಂದು ಜನ ಇದ್ದಾರೆ, ರೋಮಾಗಳು. ಗಡಿ ದಾಟಿ ಇವತ್ತು ಬಂದವರಲ್ಲ, ಶತಮಾನಗಳಿಂದ ಅಲ್ಲೇ ಇದ್ದು ಹೊರಗಿನವರು ಅನ್ನಿಸಿಕೊಂಡವರು. ಅವರ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗೆ ತಳ್ಳಿದ ಒಂದು ಪ್ರಕರಣದಲ್ಲಿ 2013ರಲ್ಲಿ ಯುರೋಪಿನ ಮಾನವಹಕ್ಕು ನ್ಯಾಯಾಲಯ ಹಂಗೇರಿಯನ್ನು ತಪ್ಪಿತಸ್ಥ ಎಂದಿತು. ಈಶಾನ್ಯ ಹಂಗೇರಿಯಲ್ಲಿ ಶಾಯೋಕಾಜಾ ಎಂಬ ಹಳ್ಳಿ ಇದೆ. ಕೆಲವು ರೋಮಾ ಕಾರ್ಯಕರ್ತರು ಬಾಬಾಸಾಹೇಬರನ್ನು ಓದಿ, ಮಹಾರಾಷ್ಟ್ರಕ್ಕೆ ಬಂದು ನಮ್ಮವರನ್ನು ಕಂಡು, ಹಿಂತಿರುಗಿ 2007ರಲ್ಲಿ ಆ ಹಳ್ಳಿಯಲ್ಲಿ ಒಂದು ಶಾಲೆ ತೆರೆದರು. ಅದರ ಹೆಸರು ಡಾ. ಅಂಬೇಡ್ಕರ್ ಶಾಲೆ. ಅಲ್ಲಿ 'ಜೈಭೀಮ್' ಅನ್ನುತ್ತಾರೆ. ಆ ಶಾಲೆಯ ಉದ್ದೇಶ ಬಹಳ ಸಾಧಾರಣವಾದದ್ದು: ಶಾಲೆ ಬಿಟ್ಟ ಹುಡುಗ ಹುಡುಗಿಯರು, ಮಕ್ಕಳಾದ ತಾಯಂದಿರು ಮತ್ತೆ ಓದಿ ಮೆಟ್ರಿಕ್ ಮುಗಿಸಬೇಕು. ಮಗ್ಗಿ ಬರುವವರಿಗೂ ಜಾಗ, ಬಾರದವರಿಗೂ ಜಾಗ.

ಬುಡಾಪೆಸ್ಟಿನ ಆಕಾಶದಲ್ಲಿ ಹಾರುವ ದೇವದೂತನಿಗಿಂತ ಆ ಹಳ್ಳಿಯ ಕರಿಹಲಗೆ ನನಗೆ ಹೆಚ್ಚು ಬೆರಗು ಹುಟ್ಟಿಸುತ್ತದೆ. ಅದು ಸಿನಿಮಾ ಆಗುವುದು ಕಷ್ಟ ಅಂತ ಗೊತ್ತು. ಆದರೆ ಯಾಕೆ ಕಷ್ಟ ಅಂತ ಕೇಳುವುದೇ ದಲಿತ ವಿಮರ್ಶೆಯ ಕೆಲಸ ಅಂತ ನಾನು ತಿಳಿದಿದ್ದೇನೆ. ನಮ್ಮ ಲೇಖಕರೂ ಇದನ್ನು ತಮಗೇ ಕೇಳಿಕೊಳ್ಳಬೇಕು. ನಮ್ಮ ಕಥೆ ಕವಿತೆಗಳಲ್ಲಿ ಎಷ್ಟು ಜನ ಹಾರುವವರಿದ್ದಾರೆ, ಎಷ್ಟು ಜನ ಹಿಂದಿನ ಸಾಲಿನಲ್ಲಿ ಕೂತವರಿದ್ದಾರೆ?

ಆ ಹುಡುಗನಿಗೆ ಈಗ ಹೇಳುತ್ತೇನೆ. ಇಲ್ಲ ಕಣಪ್ಪ, ಹಾರದಿದ್ದರೆ ಆ ಡಾಕ್ಟರು ಅವನನ್ನು ತಿರುಗಿ ನೋಡುತ್ತಿರಲಿಲ್ಲ. ಶಿಬಿರದಲ್ಲಿ ಉಳಿದವರನ್ನು ಅವನು ನೋಡಲೂ ಇಲ್ಲ. ನೀನು ಮತ್ತೊಮ್ಮೆ ಆ ಸಿನಿಮಾ ನೋಡು. ಆರ್ಯನ್ ಮೇಲಕ್ಕೇಳುವಾಗ ಎಲ್ಲರ ಜೊತೆ ನೀನೂ ತಲೆಯೆತ್ತಬೇಡ. ಕೆಳಗೆ ಶಿಬಿರದ ಸಾಲಿನಲ್ಲಿ ನಿಂತಿರುವ ಮುಖಗಳನ್ನು ಒಂದೊಂದಾಗಿ ನೋಡು. ನದಿಯಲ್ಲಿ ತಪ್ಪಿಹೋದ ಅಪ್ಪ ಏನಾದ ಅಂತ ಕೇಳು. ಎಲ್ಲರೂ ಮೇಲೆ ನೋಡುತ್ತಿರುವಾಗ ಅದನ್ನು ಕೇಳುವವರು ಯಾರಾದರೂ ಇರಬೇಕು.